ಕುಲಾವಿ

ಜೂನ್ ತಿಂಗಳ ಲಿಲೊಂಗ್ವೆಯಲ್ಲಿ ಚಳಿ.
ಸ್ವೆಟರಿನ ತೋಳನ್ನು ಬೆರಳ ತನಕ ಎಳೆದುಕೊಂಡು
ಹೊಸ ಗುಮಾಸ್ತ ಯಾಂಖೊ ಕೇಳುತ್ತಾನೆ:
ಮೇಡಂ, ಮಿತುಂಡು ಸಂತೆಯಲ್ಲಿ ಜೋಳ ರಾಶಿ ಬಿದ್ದಿದೆ,
ಕೋಳಿಗಳೂ ಅರ್ಧ ತಿಂದು ಬಿಟ್ಟು ಹೋಗುತ್ತಿವೆ.
ಯಾರಿಗೆ ಹಸಿವು? ಯಾರಿಗೆ ಈ ಖರೀದಿ?
ಕೂಸು ಹುಟ್ಟುವ ಮುಂಚೆ ಕುಲಾವಿ, ಎಂದು ನಗುತ್ತಾನೆ.

ಕೂತುಕೋ ಮರಿ. ನಮ್ಮ ಇಲಾಖೆಯ ಕಸುಬೇ ಅದು.
ಹುಟ್ಟದೇ ಹೋಗಲಿ ಎಂದು ಬೇಡುತ್ತಲೇ
ಅದರ ತಲೆಯ ಸುತ್ತಳತೆ ಅಂದಾಜು ಮಾಡುವುದು.

ಬರೆದುಕೋ.
ಜನವರಿಯಿಂದ ಮಾರ್ಚ್, ಒಂಬತ್ತು ಜಿಲ್ಲೆ.
ತಲೆಗಿಷ್ಟು ಕಿಲೋ ಎಂದು ಗುಣಿಸು.
ಬಂದ ಮೊತ್ತ ನೋಡಿ ಬೆಚ್ಚಬೇಡ,
ಬೆಚ್ಚುವುದಕ್ಕೆಂದೇ ಹಣಕಾಸಿನವರಿಗೆ ಸಂಬಳವಿದೆ.
ಈಗ ಹಿಂದಕ್ಕೆ ಎಣಿಸು,
ನ್ಸಾಂಜೆಯ ಶಾಲೆಯಂಗಳದಲ್ಲಿ ಮೂಟೆ ಇಳಿಯಬೇಕಾದ ದಿನದಿಂದ.
ರಸ್ತೆ ಕೆಸರಾಗುವ ಮೊದಲು ಲಾರಿ,
ಲಾರಿಗೆ ಮೊದಲು ರೈಲು,
ರೈಲಿಗೆ ಮೊದಲು ನಕಾಲಾ ಬಂದರಿನ ಹೊರಗೆ
ಹಡಗು ಸರದಿ ಕಾಯುವ ಹನ್ನೊಂದು ದಿನ,
ಅದಕ್ಕೂ ಮೊದಲು ಬ್ಯಾಂಕಿನ ಖಾತರಿ ಪತ್ರ,
ಅದಕ್ಕೂ ಮೊದಲು ಮೊಹರಿನ ಲಕೋಟೆಗಳು,
ಅವು ಬಂದು ಸೇರಲು ಮೂವತ್ತು ದಿನ,
ಸೋತವನು ತಕರಾರು ಹೂಡಲು ಮತ್ತೆ ಹದಿನಾಲ್ಕು.
ಎಣಿಸಿದೆಯಾ? ಬೆರಳು ಎಲ್ಲಿಗೆ ಬಂತು?
ಇವತ್ತಿಗೆ, ಎನ್ನುತ್ತಾನೆ.
ಇನ್ನೊಮ್ಮೆ ಎಣಿಸು.
ಹೋದ ಗುರುವಾರಕ್ಕೆ.

ತುರ್ತು ಎಂಬ ಕಲಮೊಂದಿದೆ, ಗೊತ್ತು.
ದೊಡ್ಡವರು ರೇಡಿಯೊದಲ್ಲಿ ವಿಪತ್ತು ಎಂದು ಸಾರಿದ ಮೇಲೆ
ಮೂರು ದರಪಟ್ಟಿ ಸಾಕು, ಒಂದಾದರೂ ಸಾಕು.
ಆದರೆ ಗಡಿಯಾಚೆ ಚಿಪಾಟದ ವರ್ತಕನ ಮನೆಯಲ್ಲೂ
ಒಂದು ರೇಡಿಯೊ ಇದೆಯಲ್ಲ.
ಜೋಳ ಅದೇ ಜೋಳ,
ಬೆಲೆ ಮಾತ್ರ ಬೆಳಗಾಗುವುದರೊಳಗೆ ಅಟ್ಟ ಹತ್ತಿರುತ್ತದೆ.
ಅದಕ್ಕೇ ಈಗಲೇ ಕರಾರು: ದರ ಈಗಿನದು, ಸರಬರಾಜು ಕರೆದಾಗ.
ತಾರೀಖಿನ ಜಾಗ ಖಾಲಿ ಬಿಡು.
ಅಡ್ಡಗೆರೆ ಹಾಕಬೇಡ. ಖಾಲಿ ಎಂದರೆ ಖಾಲಿ.

ಒಂದು ವರ್ಷ ನಾನು ಕರಾರಲ್ಲ, ಜೋಳವನ್ನೇ ಕೊಂಡಿದ್ದೆ.
ಮಳೆ ಹದವಾಗಿ ಬಂತು. ಕೂಸು ಹುಟ್ಟಲಿಲ್ಲ.
ಉಗ್ರಾಣದ ಗೊಂಡ್ವೆ ಮೂಟೆಗೆ ಕೊಳವೆ ಚುಚ್ಚಿದರೆ
ಕಾಳಿಗಿಂತ ಮೊದಲು ಹುಳು ಹೊರಬಂತು.
ಲೆಕ್ಕಪರಿಶೋಧಕರ ಆಕ್ಷೇಪಣೆ, ಹಸಿರು ಶಾಯಿಯಲ್ಲಿ:
ಬಾರದ ಹಸಿವಿಗೆ ಇಷ್ಟು ಖರ್ಚೇಕೆ?
ಉತ್ತರಕ್ಕೆ ಏಳು ದಿನ ಕೊಟ್ಟಿದ್ದರು.
ಏಳನೆಯ ದಿನ ಬರೆದೆ: ಅದು ಬಾರದ್ದಕ್ಕೆ ಕ್ಷಮೆ ಇರಲಿ.
ಹರಿದು ಹಾಕಿ
ಬೇರೆ ಬರೆದೆ.

ಇನ್ನೊಂದು ವರ್ಷ, ನಾನಾಗ ಹನ್ನೆರಡರವಳು,
ಎಲ್ಲರೂ ನಿಯಮದಂತೆ ಕಾದರು,
ಸಮೀಕ್ಷೆ ಮುಗಿಯಲಿ, ವರದಿ ಬರಲಿ, ಸಹಿ ಆಗಲಿ.
ನಾವು ಗಿರಣಿಯ ಹಿಂಬಾಗಿಲಲ್ಲಿ ತೌಡಿಗೆ ಸಾಲು ನಿಂತೆವು.
ಫೆಬ್ರವರಿ ಕೊನೆಗೆ ತೌಡಿಗೂ ಏನೋ ಬೆರೆಸಿದ್ದರು.
ತಮ್ಮ ಲಿಂಬಾನಿ ಒಂದು ಮುಷ್ಟಿ ಬಾಯಿಗಿಟ್ಟುಕೊಂಡು,
ನಿಧಾನ ಅಗಿದು ಕೇಳಿದ:
ಅಕ್ಕಾ, ಇದು ಯಾವ ಮರ?
ಮಾವು, ಎಂದೆ.

ಇದು ಕಡತಕ್ಕಲ್ಲ, ಯಾಂಖೊ. ಪೆನ್ನು ಕೆಳಗಿಡು.

ಹಾಂ, ಈಗ ಎತ್ತಿಕೋ.
ತೇವಾಂಶ ಹದಿಮೂರು ದಾಟಬಾರದು.
ಬೂಷ್ಟಿನ ವಿಷಕ್ಕೆ ಎರಡು ಪ್ರಯೋಗಾಲಯ, ಬೇರೆ ಬೇರೆ ಊರಿನವು.
ಅನ್ಯವಸ್ತುಗಳು ಎಂಬ ಅಂಕಣದಲ್ಲಿ
ಕಲ್ಲು, ಮಣ್ಣು, ಕಡ್ಡಿ ಎಂದು ಮೊದಲೇ ಅಚ್ಚಾಗಿದೆ.
ಅದರ ಮುಂದೆ ನನ್ನ ಕೈಯಾರೆ ಸೇರಿಸುತ್ತೇನೆ:
ಮರದ ಪುಡಿ.
ಅವನು ತಲೆಯೆತ್ತುತ್ತಾನೆ. ಕೇಳುವುದಿಲ್ಲ.
ಕಿಟಕಿ ಮುಚ್ಚಿ ಬರುತ್ತಾನೆ.

ಕೊನೆಯ ಕಲಮು, ಮೇಡಂ. ಚೀಲದ ಬಾಯಿ.
ಏನೆಂದು ಬರೆಯಲಿ?

ಎರಡು ಸಾಲು ಹೊಲಿಗೆ, ಹತ್ತಿಯ ದಾರ.
ಲಾರಿಯಲ್ಲಿ ಎಷ್ಟು ಕುಲುಕಿದರೂ ಬಿಡಬಾರದು.
ತುದಿ ಹಿಡಿದು ಎಳೆದರೆ
ಮಕ್ಕಳ ಕೈಗೂ
ಬಿಚ್ಚಿಕೊಳ್ಳಬೇಕು.